ತೂಗುದೀಪದ ಮೇಲಿನ ತೊಲೆ

ದೀಪಣ್ಣನ ಶವ ಏಳನೆಯ ಸಾಲಿನ ಕುರ್ಚಿಗಳ ನಡುವೆ ಬಿದ್ದಿತ್ತು. ನೇರ ಮೇಲೆ, ನಲವತ್ತಡಿ ಎತ್ತರದಲ್ಲಿ, ರಂಗಮಂದಿರದ ನೂರು ವರ್ಷದ ತೂಗುದೀಪ. ಅದರ ಪಕ್ಕದಲ್ಲೇ ಚಾವಣಿಯ ಚೌಕದ ಕಿಂಡಿ ಬಾಯಿ ತೆರೆದುಕೊಂಡಿತ್ತು.

ಇನ್ಸ್‌ಪೆಕ್ಟರ್ ಬಂದಾಗ ಸಂಜೆ ಐದು. ಶವದ ಪಕ್ಕ ಕುಳಿತು ಬೆರಳುಗಳನ್ನು ನೋಡಿದಳು. ಉಗುರಿನ ಸಂದಿಯೆಲ್ಲ ಕಪ್ಪು. ಅಂಗಿಯ ಜೇಬಿನಲ್ಲಿ ಬೆರಳುದ್ದದ ಸುಟ್ಟ ಮರದ ಚೂರು.

"ಮೊದಲು ನೋಡಿದ್ದು ಯಾರು?"

"ನಾನು, ಮೇಡಂ." ಮುಂದೆ ಬಂದದ್ದು ಎಲೆಕ್ಟ್ರಿಷಿಯನ್ ಹುಡುಗಿ. ಮಂದಿರದ ಹಳೆಯ ತಂತಿ ಬಲ್ಬು ತೆಗೆದು ಎಲ್‌ಇಡಿ ಹಾಕುವ ಕೆಲಸ ಅವಳದು. "ನಾಲ್ಕು ಗಂಟೆಗೆ ಟೀ ಕುಡಿಯೋಕೆ ಹೋದೆ. ಆಗ ದೀಪ ಉರೀತಿತ್ತು. ವಾಪಸ್ ಬಂದ್ರೆ ಪೂರ್ತಿ ಕತ್ತಲೆ, ಬಾಗಿಲ ಹತ್ರ ಮ್ಯಾನೇಜರ್ ಕೂಗ್ತಾ ನಿಂತಿದ್ರು. ಟಾರ್ಚ್ ಹಾಕಿ ನೋಡಿದೆ..."

ಮ್ಯಾನೇಜರ್ ಗೋಡೆಗೆ ಒರಗಿ ನಿಂತಿದ್ದ. ಮೂವತ್ತು ವರ್ಷದಿಂದ ಮಂದಿರದ ಮ್ಯಾನೇಜರ್. ಸತ್ತವನ ಅಕ್ಕನ ಗಂಡ ಕೂಡ.

"ನನ್ನ ಭಾಮೈದ ಮೇಡಂ. ನಲವತ್ತು ವರ್ಷ ಈ ದೀಪಗಳ ಬೆಳಕು ಏರಿಸಿ ಇಳಿಸಿದೋನು. ಹೊಸ ದೀಪ ಬೇಡ ಅಂತ ನನ್ನ ಜೊತೆ ಜಗಳ ಆಡಿದ್ದ. ಹಳೆ ಬಲ್ಬು ಹೋದ್ರೆ ನಾನ್ಯಾಕಿರಲಿ ಅಂದಿದ್ದ." ಕಣ್ಣೊರೆಸಿಕೊಂಡ. "ನಾನು ಆ ಬಾಗಿಲಲ್ಲಿದ್ದೆ. ಬೆಳಕು ನಿಧಾನಕ್ಕೆ ಇಳೀತು. ಸೂರ್ಯ ಮುಳುಗಿದ ಹಾಗೆ, ಒಂದು ನಿಮಿಷ ಹಿಡೀತು. ಅವನ ಕೈಯೇ ಹಾಗೆ. ಪೂರ್ತಿ ಕತ್ತಲಾದ್ಮೇಲೆ ಧಡ್ ಅಂತ ಸದ್ದು."

ಅಲ್ಲಿದ್ದವರೆಲ್ಲ ತಲೆಯಾಡಿಸಿದರು. ದೀಪದ ಹುಚ್ಚಿನವನು ದೀಪದ ಜೊತೆಗೇ ಹೋದ. ಕೇಳಿದ ಕೂಡಲೇ ಒಪ್ಪುವಂಥ ಕಥೆ.

\* \* \*

ಇನ್ಸ್‌ಪೆಕ್ಟರ್ ಏಣಿಮೆಟ್ಟಿಲು ಹತ್ತಿದಳು. ಮೇಲೆ ಮಾಡಿನ ಕೆಳಗೆ ನಡೆಯಲು ಒಂದು ಹಲಗೆದಾರಿ. ಒಂದು ಬದಿಗೆ ಪೆಟ್ಟಿಗೆಯಂಥ ಕೋಣೆ. ಅದರಲ್ಲಿ ದೀಪದ ಬೆಳಕು ಏರಿಸಿ ಇಳಿಸುವ ಹಿತ್ತಾಳೆ ಚಕ್ರ, ಸೊನ್ನೆಗೆ ತಿರುಗಿ ನಿಂತಿತ್ತು. ಹತ್ತು ಹೆಜ್ಜೆ ಆಚೆ ಕಿಂಡಿ. ಸುತ್ತ ಸೊಂಟದೆತ್ತರ ಕಂಬಿ. ಕಾಲು ಜಾರಿ ಬೀಳುವ ಮಾತೇ ಇಲ್ಲ. ಹತ್ತಿ ಹಾರಬೇಕು. ಇಲ್ಲವೇ ಯಾರಾದರೂ ಎತ್ತಿ ದೂಡಬೇಕು.

ತೂಗುದೀಪದ ಸರಪಳಿ ಒಂದು ದೊಡ್ಡ ಮರದ ತೊಲೆಗೆ ಕಟ್ಟಿತ್ತು. ತೊಲೆಯ ಅಡಿಗೆ, ತೊಲೆಯದೇ ಬಣ್ಣ ಬಳಿದ ಹಲಗೆ ಹೊಡೆದಿದ್ದರು. ಹಲಗೆಯ ಒಂದು ತುದಿ ಕಿತ್ತು ಬಂದಿತ್ತು. ಇನ್ಸ್‌ಪೆಕ್ಟರ್ ಒಳಗೆ ಕೈಹಾಕಿದಳು. ಹೊರಗೆ ತೆಗೆದಾಗ ಅವಳ ಬೆರಳೂ ಕಪ್ಪು.

ಸಾಯಲು ಹೊರಟವನು ಜೇಬಿನಲ್ಲಿ ಇದ್ದಿಲು ಇಟ್ಟುಕೊಂಡು ಹೋಗುತ್ತಾನೆಯೇ?

ಕೆಳಗೆ ಟಿಕೆಟ್ ಕಿಟಕಿಯವನು ಗುಟ್ಟು ಹೇಳುವಂತೆ ಹತ್ತಿರ ಬಂದ. "ಮೇಡಂ, ಮೂರೂವರೆಗೆ ದೀಪಣ್ಣ ಆ ಹುಡುಗಿ ಮೇಲೆ ರೇಗ್ತಿದ್ದ. ಸುಟ್ಟುಹೋಗುತ್ತೆ, ಸುಟ್ಟುಹೋಗುತ್ತೆ ಅಂತ."

ಇನ್ಸ್‌ಪೆಕ್ಟರ್ ಹುಡುಗಿಯನ್ನು ಕರೆದಳು. "ಜಗಳ ಯಾಕೆ?"

"ಜಗಳ ಅಲ್ಲ ಮೇಡಂ, ಅವಸರ. ತೂಗುದೀಪ ಬೆಳಿಗ್ಗೆನೇ ಮುಗಿಸಿದ್ದೆ. ಬಾಲ್ಕನಿದೂ ಇವತ್ತೇ ಹಾಕು ಅಂತ ಹಟ. ಹಳೆ ಬಲ್ಬಿನ ಕಾವಿಗೆ ಮೇಲಿನ ಮರ ಬೆಂದು ಹೋಗಿದೆ, ಸುಟ್ಟುಹೋಗುತ್ತೆ ಅಂದ್ರು."

"ಹೊಸ ದೀಪ ಬೇಡ ಅಂತಿದ್ದನಂತಲ್ಲ?"

ಹುಡುಗಿ ಬಾಯಿ ಬಿಟ್ಟು ನೋಡಿದಳು. "ಅವರಾ? ಎಲ್‌ಇಡಿ ಹಾಕಿಕೊಡಿ ಅಂತ ನಮ್ಮ ಆಫೀಸಿಗೆ ಮೂರು ಸಲ ಕಾಗದ ಬರೆದೋರೇ ಅವರು!"

\* \* \*

ಅಕ್ಕನ ಮನೆ ಮಂದಿರದ ಹಿಂದಿನ ಬೀದಿಯಲ್ಲಿತ್ತು. ಆಕೆ ಅಳುತ್ತಿರಲಿಲ್ಲ. ತಮ್ಮನ ಇಸ್ತ್ರಿ ಅಂಗಿಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸುತ್ತಿದ್ದಳು.

"ಬಲ್ಬಿಗೋಸ್ಕರ ಸಾಯೋನಲ್ಲಮ್ಮ ನನ್ನ ತಮ್ಮ. ಮದುವೆ ಇಲ್ಲ, ಮಕ್ಕಳಿಲ್ಲ, ದಿನಾ ಊಟಕ್ಕೆ ಇಲ್ಲಿಗೇ ಬರೋನು. ಇವತ್ತು ಅರ್ಧ ಊಟಕ್ಕೆ ಎದ್ದ. ಭಾವನ್ನ ಮೇಲೆ ಕರ್ಕೊಂಡ್ಹೋಗಿ ಏನೋ ತೋರಿಸ್ಬೇಕು ಅಂದ."

"ನಿಮ್ಮ ಯಜಮಾನರು ಆಗ ಇಲ್ಲೇ ಇದ್ರಾ?"

"ಬೆಳಿಗ್ಗೆಯಿಂದ ಡಿ.ಸಿ. ಸಾಹೇಬರ ಆಫೀಸಲ್ಲಿದ್ರು, ಶುಕ್ರವಾರ ಹೊಸ ದೀಪದ ಉದ್ಘಾಟನೆಗೆ ಅವರನ್ನ ಕರೆಯೋಕೆ. ಮೂರೂಮುಕ್ಕಾಲಿಗೆ ಬಂದ್ರು. ತಮ್ಮ ಕಾಯ್ತಿದ್ದಾನೆ ಅಂತ ನಾನೇ ಮಂದಿರಕ್ಕೆ ಕಳಿಸ್ದೆ."

ಹೇಳಿದ ಮೇಲೆ ಆಕೆಯ ಕೈ ಅಂಗಿಯ ಮೇಲೆ ನಿಂತುಬಿಟ್ಟಿತು. ಇನ್ಸ್‌ಪೆಕ್ಟರ್ ಬೇರೇನೂ ಕೇಳದೆ ಎದ್ದಳು.

\* \* \*

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಮ್ಯಾನೇಜರನ್ನು ಮಂದಿರಕ್ಕೆ ಕರೆಸಿದರು. ಅಕ್ಕನೂ ಬಂದಳು. ಬೇಡವೆಂದರೂ ಕೇಳಲಿಲ್ಲ.

"ನಿನ್ನೆ ನಿಂತ ಜಾಗದಲ್ಲೇ ನಿಲ್ಲಿ," ಎಂದಳು ಇನ್ಸ್‌ಪೆಕ್ಟರ್. ಮೇಲಿದ್ದ ಎಲೆಕ್ಟ್ರಿಷಿಯನ್ ಹುಡುಗಿಗೆ ಕೂಗಿದಳು. "ಚಕ್ರ ತಿರುಗಿಸಮ್ಮಾ. ಎಷ್ಟು ನಿಧಾನಕ್ಕೆ ಆಗುತ್ತೋ ಅಷ್ಟು ನಿಧಾನಕ್ಕೆ."

ಎಲ್ಲರೂ ತಲೆ ಎತ್ತಿದರು. ತೂಗುದೀಪ ಒಂದು ಗಳಿಗೆ ಹಾಗೇ ಇತ್ತು. ಆಮೇಲೆ ಪಟಪಟ ಮಿಣುಕಿತು. ಜ್ವರ ಬಂದವರ ಹಾಗೆ ನಡುಗಿತು. ಅರ್ಧ ಬೆಳಕೂ ಇಳಿದಿರಲಿಲ್ಲ, ಫಕ್ಕನೆ ಆರಿಹೋಯಿತು.

"ಎಲ್ಲಿ ಸ್ವಾಮಿ ನಿಮ್ಮ ಸೂರ್ಯ?"

ಪೇದೆ ಬಾಗಿಲು ತೆರೆದ. ಹಗಲು ಒಳಗೆ ಬಂತು.

"ಹಳೆ ಚಕ್ರಕ್ಕೂ ಹೊಸ ದೀಪಕ್ಕೂ ಆಗಿಬರಲ್ಲ. ಹೊಸ ಯಂತ್ರ ಬರೋದು ಸೋಮವಾರ. ಅಲ್ಲೀವರೆಗೆ ಈ ದೀಪದ ಬೆಳಕು ನಿಧಾನಕ್ಕೆ ಇಳಿಯೋಕೇ ಸಾಧ್ಯವಿಲ್ಲ. ನೀವು ನಿನ್ನೆ ಬೆಳಿಗ್ಗೆ ಇಲ್ಲಿರಲಿಲ್ಲ, ಗೊತ್ತಾಗಲಿಲ್ಲ. ಮೂವತ್ತು ವರ್ಷ ನೋಡಿದ್ದನ್ನೇ ನಿನ್ನೆನೂ ನೋಡ್ದೆ ಅಂದ್ರಿ. ನೀವು ಬಾಗಿಲಲ್ಲಿ ಇರಲೇ ಇಲ್ಲ. ಮೇಲಿದ್ರಿ. ಅವನನ್ನ ದೂಡಿ, ಚಕ್ರವನ್ನ ಒಂದೇ ಏಟಿಗೆ ತಿರುಗಿಸಿ ಇಳಿದುಬಂದ್ರಿ. ದೀಪ ಹೇಗೆ ಆರಿತು ಅಂತ ತಿರುಗಿ ನೋಡಲಿಲ್ಲ."

"ನಾನ್ಯಾಕೆ ನನ್ನ ಭಾಮೈದನ್ನ..."

"ಆ ತೊಲೆ. ಹಲಗೆ ಹೊಡೆದ ಬಡಗಿ ಬೆಳಿಗ್ಗೆ ಠಾಣೆಗೆ ಬಂದಿದ್ದ. ಮೂರು ವರ್ಷದ ಹಿಂದೆ ನೀವೇ ಹೊಡೆಸಿದ್ದಂತೆ. ತೊಲೆ ಒಳಗೆ ಇದ್ದಿಲಾಗಿದೆ ಅಂತ ನಿಮಗೆ ಆಗಲೇ ಗೊತ್ತಿತ್ತು. ಆದ್ರೂ ಕಟ್ಟಡ ಭದ್ರವಾಗಿದೆ ಅಂತ ವರ್ಷವರ್ಷ ಸಹಿ ಹಾಕಿದ್ರಿ. ನಿನ್ನೆ ಹಳೆ ಬಲ್ಬು ತೆಗೆದಾಗ ದೀಪಣ್ಣನಿಗೆ ಹಲಗೆ ಕಂಡಿತು. ಕಿತ್ತು ನೋಡಿದ. ನಿಮಗೆ ತೋರಿಸೋಕೆ ಕಾದ."

ಮ್ಯಾನೇಜರ್ ಪಕ್ಕದ ಕುರ್ಚಿಯಲ್ಲಿ ಕುಳಿತ.

"ಮಂದಿರಾನೇ ಮುಚ್ಚಿಸಿಬಿಡ್ತಿದ್ದ," ಎಂದ. "ಒಂದು ಸಲ ಬೀಗ ಬಿದ್ರೆ ಇಂಥ ಕಟ್ಟಡ ಮತ್ತೆ ತೆಗೆಯಲ್ಲ, ಕೆಡವಿಹಾಕ್ತಾರೆ. ಶುಕ್ರವಾರ ಒಂದು ಕಳೀಲಿ, ಆಮೇಲೆ ಗುಟ್ಟಾಗಿ ರಿಪೇರಿ ಮಾಡ್ಸೋಣ ಅಂದೆ. ಕಾಲಿಗೂ ಬಿದ್ದೆ."

"ಅವನೇನಂದ?" ಕೇಳಿದ್ದು ಅಕ್ಕ.

ಮ್ಯಾನೇಜರ್ ಹೆಂಡತಿಯ ಮುಖ ನೋಡಲಿಲ್ಲ. "ಮೊದಲ ಆಟಕ್ಕೆ ಶಾಲೆಯ ನಾನೂರು ಮಕ್ಕಳು ಬರ್ತಾರೆ ಭಾವ, ಬೇಡ ಅಂದ. ಕಂಬಿ ಮೇಲೆ ಬಗ್ಗಿ, ತೂಗುದೀಪ ಎಷ್ಟು ಸಾಲಿನ ಮೇಲೆ ಬೀಳುತ್ತೆ ಅಂತ ಎಣಿಸಿ ತೋರಿಸ್ತಿದ್ದ... ಆಗ..."

\* \* \*

ಮಧ್ಯಾಹ್ನದ ಹೊತ್ತಿಗೆ ಮಂದಿರಕ್ಕೆ ಬೀಗಮುದ್ರೆ ಬಿತ್ತು. ತೊಲೆ ನೋಡಿದ ಸರಕಾರಿ ಇಂಜಿನಿಯರ್, ಇಷ್ಟು ದಿನ ನಿಂತಿದ್ದೇ ಹೆಚ್ಚು ಎಂದು ಬರೆದ. ರಿಪೇರಿಯ ಮಾತು ಯಾರೂ ಎತ್ತಲಿಲ್ಲ.

ಠಾಣೆಯಲ್ಲಿ ಅಕ್ಕನ ಮುಂದೆ ರೈಟರ್ ಎರಡು ಕಾಗದ ಇಟ್ಟ. ಒಂದು, ತಮ್ಮನ ಶವ ಪಡೆದದ್ದಕ್ಕೆ. ಇನ್ನೊಂದು, ಗಂಡನ ಬಂಧನದ ವಿಷಯ ತಿಳಿಸಿದ್ದಕ್ಕೆ. ಎರಡಕ್ಕೂ ಹತ್ತಿರದ ಸಂಬಂಧಿಯ ಸಹಿ ಬೇಕಿತ್ತು.

ಮೊದಲನೆಯದರಲ್ಲಿ ಆಕೆ ಸಂಬಂಧದ ಎದುರು 'ಅಕ್ಕ' ಎಂದು ಬರೆದು ಸಹಿ ಹಾಕಿದಳು. ಎರಡನೆಯದನ್ನು ಓದಿ ಹಿಂದಕ್ಕೆ ಸರಿಸಿದಳು.

"ಇದಕ್ಕೂ ಹಾಕ್ಬೇಕಮ್ಮ," ಎಂದಳು ಇನ್ಸ್‌ಪೆಕ್ಟರ್ ಮೆಲ್ಲಗೆ. "ಅವರ ಕಡೆ ಬೇರೆ ಯಾರಾದ್ರೂ ಇದ್ದಾರಾ?"

"ಭಾಮೈದ ಒಬ್ಬ ಇದ್ದ," ಎಂದಳು ಆಕೆ. "ದೂಡಿಬಿಟ್ರಲ್ಲ."