ಆರು ಮನೆಯ ಸ್ಪ್ಯಾನಿಷ್

"ಮಾಮ, ಗೆರಿ ತುಳದಿ. ಔಟ್."

"ಎಲ್ಲಿ ತುಳದೀನಿ? ನನ್ನ ಹೆಬ್ಬೆರಳು ಸ್ವಲ್ಪ ದಪ್ಪ ಐತಿ, ಅಷ್ಟ."

ಜಂಬುನಾಥ ಮಾಮ ಅಂಗಳದಲ್ಲಿ ಒಂಟಿ ಕಾಲಲ್ಲಿ ನಿಂತಿದ್ದ. ಒಂದು ಕೈಯಲ್ಲಿ ಎತ್ತಿದ ಕಾಲು, ಇನ್ನೊಂದು ಕೈಯಲ್ಲಿ ಲುಂಗಿ. ಮೀಸೆಯ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು.

ಇದು ಹೊಸಪೇಟೆಯಲ್ಲಿ ನಿಜವಾಗಿ ನಡೆದ ಸಂಗತಿ. ಮೀಸೆ ಇರುವ ಮಾಮ ಕುಂಟೆಬಿಲ್ಲೆ ಆಡಿ ಸ್ಪ್ಯಾನಿಷ್ ಕಲಿತ ಅಂದರೆ ಯಾರೂ ನಂಬುವುದಿಲ್ಲ. ಬೇಕಾದರೆ ಪಕ್ಕದ ಮನೆಯ ದ್ಯಾಮಕ್ಕನನ್ನು ಕೇಳಿ. ಅವಳು ಕಾಂಪೌಂಡ್ ಮೇಲೆ ಗದ್ದ ಊರಿ, ಟಿಕೆಟ್ಟಿಲ್ಲದೆ ಪೂರ್ತಿ ಆಟ ನೋಡಿದ್ದಾಳೆ.

"ಇವಂಗೇನಾಗೇತಿ ದುರ್ಗಾ?" ಅಂತ ಅವಳು ಕೇಳಿದಳು.

"ಸ್ಪ್ಯಾನಿಷ್ ಆಗೇತ್ರಿ ಅಜ್ಜಿ."

"ಹಂಗಾದ್ರ ಜಲ್ದಿ ಡಾಕ್ಟರಿಗೆ ತೋರಿಸ್ರಿ."

ಮಾಮ ಅಂದರೆ ದುರ್ಗಾಳ ಅಮ್ಮನ ತಮ್ಮ. ಇರುವುದು ದುರ್ಗಾಳ ಮನೆಯಲ್ಲೇ. ಆಟೋದಲ್ಲಿ ಟೂರಿಸ್ಟರನ್ನು ಕೂರಿಸಿಕೊಂಡು ಹಂಪಿ ತೋರಿಸುವುದು ಅವನ ಕೆಲಸ. ಇಂಗ್ಲಿಷ್ ಬರುತ್ತದೆ. ಆದರೆ ಕಮಲಾಪುರದ ಒಂದು ಟೂರ್ ಕಂಪನಿಗೆ ಸ್ಪ್ಯಾನಿಷ್ ಬರುವ ಗೈಡ್ ಬೇಕಾಗಿತ್ತು. ಸೋಮವಾರ ಟೆಸ್ಟ್.

ಅಪ್ಪ ಹುಲುಗಪ್ಪ ಊಟಕ್ಕೆ ಕೂತಾಗ ಕಡ್ಡಿ ಮುರಿದಂತೆ ಹೇಳಿದ್ದ. "ನೋಡು ಜಂಬು, ಸೀಜನ್ ಮುಗಿದ್ರ ಆಟೋ ಖಾಲಿ ನಿಂದ್ರತೈತಿ. ಈ ಟೆಸ್ಟ್ ಪಾಸಾಗಲಿಲ್ಲ ಅಂದ್ರ ಸುಮ್ನ ಕುರೆಕುಪ್ಪಕ್ಕ ನಡಿ. ಫ್ಯಾಕ್ಟರಿ ಬಸ್ ಓಡಿಸೋ ಕೆಲಸ ಐತಿ. ಇರಾಕ ರೂಮೂ ಕೊಡ್ತಾರ."

ರೂಮು ಕೊಟ್ಟರೆ ಮಾಮ ಈ ಮನೆಯಲ್ಲಿ ಇರುವುದಿಲ್ಲ ಅಂತ ದುರ್ಗಾಳಿಗೆ ಹೊಳೆಯಿತು. ಮಾಮ ಹೋದರೆ ಹೆಡ್ಮಾಸ್ತರ ದನಿಯಲ್ಲಿ "ಸೈಲೆನ್ಸ್" ಅನ್ನುವವರು ಯಾರು? ಬಸ್ ಕಂಡಕ್ಟರನ ಸೀಟಿ, ದ್ಯಾಮಕ್ಕನ ಆಡು, ಅಮ್ಮನ ಕುಕ್ಕರು, ಎಲ್ಲದರ ದನಿಯೂ ಅವನ ಬಾಯಲ್ಲಿತ್ತು.

ಅಷ್ಟು ದನಿ ಹೊರಡುವ ಬಾಯಿಗೆ ಸ್ಪ್ಯಾನಿಷ್ ಮಾತ್ರ ಒಲ್ಲೆ ಅನ್ನುತ್ತಿತ್ತು. ಫೋನಿನಲ್ಲಿ ಪಾಠ ಹಚ್ಚಿಕೊಂಡು ಕೂತರೆ ಮಾಮನಿಗೆ ನಿದ್ದೆ. ಪಕ್ಕದಲ್ಲಿ ಕೂತು ಕೇಳಿದ ದುರ್ಗಾಳಿಗೇ ಪಾಠ ಹತ್ತಿತು. ಎದ್ದರೆ ಎಲ್ಲದಕ್ಕೂ ಒಂದೇ ಬಾಲ.

"ಆಬ್ಲಾರ್ ಅಂದ್ರ ಮಾತಾಡೋದು. ನಾನು ಆಬ್ಲೋ. ನೀನು ಆಬ್ಲೋ. ಅವನು ಆಬ್ಲೋ. ಹಂಪಿ ಕಲ್ಲು ಸೈತ ಆಬ್ಲೋ."

"ಮಾಮ, ನೀ ಅಮ್ಮಗ 'ಅಕ್ಕ, ನೀ ಊಟ ಮಾಡ್ತೀನಿ' ಅಂತೀಯೇನು?"

"ಹಂಗ್ಯಾಕಂತೀನಿ? ನನಗೇನು ತಲಿ ಕೆಟ್ಟೈತಾ?"

"ಮತ್ತ? ನಾನು ಮಾಡ್ತೀನಿ, ನೀನು ಮಾಡ್ತಿ, ಅವ ಮಾಡ್ತಾನ. ಮುಂದಿಂದು ಅದ, ಬಾಲ ಅಷ್ಟ ಬ್ಯಾರೆ. ಅವರದ್ದೂ ಹಂಗ."

ಮಾಮ ಮೀಸೆ ತಿರುವಿದ. ಅರ್ಥವಾಯಿತು, ಆದರೆ ನಾಲಿಗೆಗೆ ಅರ್ಥವಾಗಲಿಲ್ಲ. ಕೂತಲ್ಲಿ ಮಾಮನಿಗೆ ಏನೂ ಹತ್ತುವುದಿಲ್ಲ ಅಂತ ದುರ್ಗಾಳಿಗೆ ಗೊತ್ತಿತ್ತು. ಅವಳು ಚಾಕ್‌ಪೀಸ್ ತಂದಳು.

ಅಂಗಳದಲ್ಲಿ ಆರು ಮನೆ ಎದ್ದವು. ನಾನು, ನೀನು, ಅವನು, ನಾವು, ನೀವು, ಅವರು. ಆಬ್ಲಾರ್‌ನ ಬಾಲ 'ಆರ್' ಕತ್ತರಿಸಿ ಎಸೆದು, ಒಂದೊಂದು ಮನೆಗೆ ಒಂದೊಂದು ಹೊಸ ಬಾಲ ಬರೆದಳು. ಓ, ಆಸ್, ಆ, ಆಮೋಸ್, ಆಯಿಸ್, ಆನ್. ಒಡೆದ ಹಂಚಿನ ಬಿಲ್ಲೆ ಯಾವ ಮನೆಗೆ ಬೀಳುತ್ತದೋ ಅಲ್ಲಿಗೆ ಕುಂಟಿ, ಬಾಲ ಸೇರಿಸಿ ಹೇಳಬೇಕು. ತಪ್ಪಿದರೆ ಔಟ್. ಗೆರೆ ತುಳಿದರೂ ಔಟ್.

ಶುಕ್ರವಾರ ಸಂಜೆಯಿಡೀ ಮಾಮ ಔಟ್. ಶನಿವಾರ ಮಧ್ಯಾಹ್ನದ ಹೊತ್ತಿಗೆ "ಆಬ್ಲಾಸ್, ಆಬ್ಲಾಮೋಸ್, ಆಬ್ಲಾನ್" ಅಂತ ಕೊಕ್ಕರೆಯಂತೆ ಹಾರತೊಡಗಿದ. ಸಂಜೆಗೆ ದುರ್ಗಾ ಬಾಲ ಬದಲಿಸಿದಳು. ಕೋಮೇರ್ ಅಂದರೆ ತಿನ್ನುವುದು. ಕೋಮೋ, ಕೋಮೆಸ್, ಕೋಮೆ, ಕೋಮೇಮೋಸ್. ತಿನ್ನುವ ವಿಷಯವಾದ್ದರಿಂದ ಮಾಮ ಬೇಗ ಕಲಿತ.

'ಈರ್' ಬಾಲದವು ಮಾತ್ರ ಬಾಕಿ ಉಳಿದವು. ಭಾನುವಾರ ಮಾಮನ ಮೊಣಕಾಲು ರಜೆ ಕೇಳಿತು. ಇಬ್ಬರೂ ಕೂತು ಅವುಗಳ ಮೇಲೆ ಕಣ್ಣಾಡಿಸಿದರು, ಅಷ್ಟೆ.

ಸೋಮವಾರ ದುರ್ಗಾ ಶಾಲೆಯಿಂದ ಬಂದಾಗ ಮಾಮ ಇನ್ನೂ ಬಂದಿರಲಿಲ್ಲ. ಫೋನೂ ಇಲ್ಲ. ಅಮ್ಮ ಹೇಮಾವತಿ ಹೀರೇಕಾಯಿ ಹೆಚ್ಚುತ್ತಾ, "ಪಾಸಾಗಿದ್ರ ಇಷ್ಟೊತ್ತಿಗೆ ಓಣಿ ತುಂಬ ಹೇಳ್ಕಂಡು ಬರ್ತಿದ್ದ" ಅಂದಳು. ದುರ್ಗಾ ಮತ್ತೊಮ್ಮೆ ಗೇಟಿನತ್ತ ನೋಡಿದಳು.

ಆಗ ಅಮ್ಮನ ಫೋನ್ ರಿಂಗಾಯಿತು. ಗೊತ್ತಿಲ್ಲದ ನಂಬರ್. ಅಮ್ಮನ ಕೈ ಒದ್ದೆ ಇತ್ತು, ದುರ್ಗಾ ಎತ್ತಿದಳು.

"ಹಲೋ, ದುರ್ಗಾ ಅವರಾ? ನಾನು ಸಂಘಮಿತ್ರಾ. ಸ್ಪ್ಯಾನಿಷ್ ಟೆಸ್ಟ್ ತಗೊಂಡವಳು." ಸಣ್ಣ ದನಿ, ಇಸ್ತ್ರಿ ಮಾಡಿಟ್ಟಂಥ ಕನ್ನಡ.

"ಹೌದ್ರಿ ಮೇಡಂ."

"ನಿಮ್ಮ ಸ್ಟೂಡೆಂಟ್ ನನ್ನ ಆಫೀಸಿನಲ್ಲಿ ಒಂಟಿ ಕಾಲಲ್ಲಿ ಕುಣಿದರು. ಹೂವಿನ ಕುಂಡ ಒಡೆಯಿತು. ಹೀಗೆ ಕಲಿಸಿದ್ದು ಯಾರು?"

"ನಾನ್ರಿ."

"ಇದು ಪಾಠವೋ ಆಟವೋ, ನನಗೆ ಡೌಟಿದೆ. ಕಲಿಸಿದವರಿಗೆ ಬರುತ್ತೋ ಇಲ್ಲವೋ ನೋಡಿಯೇ ಅವರಿಗೆ ಮಾರ್ಕ್ಸ್ ಹಾಕುತ್ತೇನೆ. ಬಿಬೀರ್ ಹೇಳಿ. ಅಂದರೆ ವಾಸ ಮಾಡೋದು, ಇರೋದು. ಆರೂ ಬೇಕು."

ಬಿಬೀರ್. ಈರ್. ಅಂಗಳದಲ್ಲಿ ಬರೆಯದೇ ಬಿಟ್ಟದ್ದೇ ಬಂದಿತ್ತು.

ದುರ್ಗಾ ಕಣ್ಣು ಮುಚ್ಚಿದಳು. ಮನಸ್ಸಿನಲ್ಲೇ ಆರು ಮನೆ ಎಳೆದಳು. ಇಷ್ಟು ದಿನ ಅವಳು ಪಕ್ಕದಲ್ಲಿ ನಿಂತು ಔಟ್ ಕೊಟ್ಟಿದ್ದಳೇ ಹೊರತು ಒಂದು ಸಲವೂ ಕುಂಟಿರಲಿಲ್ಲ. ಆದರೂ ಬಲಗಾಲು ತಾನಾಗಿ ನೆಲ ಬಿಟ್ಟಿತು.

"ಬೀಬೋ." ಒಂದನೇ ಮನೆ. "ಬೀಬೆಸ್. ಬೀಬೆ." ಇವು ಕೋಮೇರ್‌ನ ಹಾಗೇ ಇದ್ದವು.

ನಾಲ್ಕನೇ ಮನೆಯ ಗೆರೆಯ ಮುಂದೆ ನಿಂತಳು. ಬಿಬೇಮೋಸ್ ಅಂತ ತುಟಿಗೆ ಬಂತು. ತಡೆದಳು.

"ಯಾಕೆ, ಲೈನ್ ಕಟ್ಟಾಯಿತೇ?"

"ಇಲ್ರಿ, ತಡೀರಿ." ಆರ್‌ಗೆ ಆಮೋಸ್. ಏರ್‌ಗೆ ಏಮೋಸ್. ಹಂಗಾದರೆ ಈರ್‌ಗೆ? 'ನಾವು' ಅನ್ನುವ ಮನೆಯಲ್ಲಿ ಎಲ್ಲವೂ ತಮ್ಮ ಸ್ವಂತ ಅಕ್ಷರ ಇಟ್ಟುಕೊಂಡಿದ್ದವು.

"ಬಿಬೀಮೋಸ್," ಅಂದಳು ದುರ್ಗಾ. ಮುಂದಿನವು ಒಂದೇ ಉಸಿರಿಗೆ ಬಂದವು. "ಬಿಬೀಸ್, ಬೀಬೆನ್."

ಅಮ್ಮನ ಈಳಿಗೆ ನಿಂತಿತ್ತು.

"ಶಭಾಷ್," ಅಂತು ಸಣ್ಣ ದನಿ. "ನಿನ್ನ ಸ್ಟೂಡೆಂಟ್ ಮಧ್ಯಾಹ್ನನ ಪಾಸಾಗ್ಯಾನ ಲೇ ಹುಡುಗಿ."

ಆ 'ಲೇ' ಫೋನಿನಿಂದಲೂ ಬಂತು, ಗೇಟಿನ ಆಚೆಯಿಂದಲೂ ಬಂತು.

ಗೇಟು ತೆರೆಯಿತು. ಮಾಮ. ಗೆಳೆಯನಿಂದ ಇಸಿದುಕೊಂಡ ಫೋನು ಕಿವಿಗೆ, ಎರಡು ಬೆರಳು ಇನ್ನೂ ಮೂಗು ಹಿಸುಕಿಕೊಂಡೇ ಇದ್ದವು.

"ಮೇಡಂ ದನಿ ಥೇಟ್ ಹಿಂಗನ," ಅಂದ. "ಕುಣದಿದ್ದು ಖರೇನ. ತಡವರಿಸಿದೆ, ಎದ್ದು ಕುಂಟಿದೆ, ಬಾಯಿಗೆ ಬಂತು. ಮೇಡಂ ನಕ್ಕು ನಕ್ಕು ನೀರು ಕುಡಿದ್ರು. ಕುಂಡ ಅಷ್ಟ ನಾ ಸೇರಿಸಿದ್ದು."

"ನೀನು ಭಾಳ ಕೆಟ್ಟವನು, ಮಾಮ." ದುರ್ಗಾಳ ಕಣ್ಣಲ್ಲಿ ನೀರು ತುಂಬಿತ್ತು. ಮುಖ ಊದಿಸಬೇಕೆಂದುಕೊಂಡಳು, ಊದಲಿಲ್ಲ.

"ಏನಪಾ ಇದು," ಅಂದಳು ಅಮ್ಮ. "ದುರ್ಗಾ, ಅಷ್ಟೊತ್ತು ತಡದು ಹೇಳಿದ್ಯಲ್ಲ, ಬಿಬೀಮೋಸ್. ಹಂಗಂದ್ರೇನ?"

"ಇರ್ತೀವಿ ಅಂತಮ್ಮ. ನಾವು ಇರ್ತೀವಿ. ನಾವು..."

ದುರ್ಗಾ ಬೆರಳು ಮಡಚಿ ಎಣಿಸಿದಳು. ನಾವು ಅಂದರೆ ಅಮ್ಮ, ಅಪ್ಪ, ತಾನು. ಮತ್ತೆ ಗೇಟಿಗೆ ಒರಗಿ ಹಲ್ಲು ಕಿರಿಯುತ್ತಿರುವ ಇವನೂ.

ನಗು ಹೊಟ್ಟೆಯಿಂದಲೇ ಎದ್ದು ಬಂತು. ಮಾಮ ನಕ್ಕ, ಅಮ್ಮ ನಕ್ಕಳು, ಏನೂ ತಿಳಿಯದ ದ್ಯಾಮಕ್ಕ ಕಾಂಪೌಂಡಿನ ಆಚೆ ನಕ್ಕಳು. ದುರ್ಗಾಳ ನಗುವಿನ ಮುಂದೆ ಯಾರದ್ದೂ ಕೇಳಿಸಲಿಲ್ಲ.