ಕೈತಪ್ಪಿ ಬಂದ ಏಕವಚನ

ಟಿಣ್.

ರಾತ್ರಿಯ ಖಾಲಿ ಆಫೀಸಿನಲ್ಲಿ ಆ ಸಣ್ಣ ಸದ್ದಿಗೆ ಅವಳು ತಟ್ಟನೆ ತಲೆ ಎತ್ತಿದಳು. ಮೂಲೆಯ ಹಳೆಯ ಕಂಪ್ಯೂಟರ್ ತಪ್ಪು ಕಂಡಾಗ ಮಾತ್ರ ಹಾಗೆ ಸದ್ದು ಮಾಡುತ್ತಿತ್ತು.

ಅದರ ಮುಂದೆ ಅವಳ ಸಹೋದ್ಯೋಗಿ ಕೂತಿದ್ದ. ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸಿಕೊಡುವ ಅವನ ಕಂಪೈಲರ್ ಯಾವ ಯಂತ್ರಕ್ಕೆ ಹಾಕಿದರೂ ಓಡುತ್ತಿತ್ತು. ಆದರೆ ಬಳಸುವವರೇ ಇರಲಿಲ್ಲ. ಪ್ರೋಗ್ರಾಮಿನಲ್ಲಿ ತಪ್ಪಾದರೆ ಅದು ಒಂದು ನಂಬರ್ ತೋರಿಸಿ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಪ್ರತಿ ತಪ್ಪಿಗೂ ಮನುಷ್ಯರಿಗೆ ಅರ್ಥವಾಗುವ ಮಾತು ಬರೆಯಲೆಂದೇ ಅವಳನ್ನು ಕರೆಸಿದ್ದರು. "ಅಂಗಡಿಯವರೂ ಓದ್ತಾರೆ, ಟೀಚರೂ ಓದ್ತಾರೆ. ಎಲ್ಲರಿಗೂ 'ನೀವು' ಅನ್ನಿ," ಎಂದಿದ್ದರು ಮ್ಯಾನೇಜರ್ ಮೇಡಂ. ಅವಳು ಒಂದೊಂದು ಪದವನ್ನೂ ಅಳೆದು ತೂಗಿ ಬರೆದಿದ್ದಳು.

ನಾಳೆ ಕಂಪೈಲರ್ ಜನರ ಕೈಗೆ, ಅವಳು ಬೇರೆ ವಿಭಾಗಕ್ಕೆ. ಆಮೇಲೆ ಅವನ ಮೇಜಿನ ಬಳಿ ಸುಳಿಯಲು ನೆಪವೇ ಇರುವುದಿಲ್ಲ.

"ಇಲ್ಲಿ ಬನ್ನಿ," ಎಂದ ಅವನು, ಪರದೆಯಿಂದ ಕಣ್ಣು ತೆಗೆಯದೆ. "ಕಂಪೈಲರ್ ನನ್ನನ್ನೇ ಬೈತಿದೆ."

ಅವನ ಭುಜದಾಚೆಯಿಂದ ಅವಳು ಓದಿದಳು: 'ಮತ್ತೆ ಬ್ರಾಕೆಟ್ ಮುಚ್ಚೋದು ಮರೆತೆಯಾ? ಏಳನೇ ಸಾಲು ನೋಡು. ಅವಸರ ಬೇಡ.'

ಒಂದು ಸಂಜೆ ತನ್ನಷ್ಟಕ್ಕೇ ನಗುತ್ತ ಬರೆದದ್ದು. ತಿದ್ದಲು ಮರೆತಿದ್ದಳು. ಕಿವಿ ಬಿಸಿಯಾಯಿತು.

"ಊರಿಗೆಲ್ಲ ನೀವು, ಇಲ್ಲಿ ಮಾತ್ರ ನೀನು." ಅವನ ತುಟಿಯಂಚು ಅಲುಗಿತು. "ಕೈತಪ್ಪಾ?"

"ಹೌದು. ಸ್ವಲ್ಪ ಜರುಗಿ, ತಿದ್ದಿಬಿಡ್ತೀನಿ."

ಅವನು ಜರುಗಲಿಲ್ಲ. "ದಿನಾ ಬ್ರಾಕೆಟ್ ಮರೆಯೋನು ಈ ಆಫೀಸಲ್ಲಿ ಒಬ್ಬನೇ."

"ಗೊತ್ತು."

"ಹಾಗಾದ್ರೆ ಇದನ್ನ ಬರೆಯೋವಾಗ..."

"ನಿಮ್ಮ ಮುಖವೇ ಕಣ್ಮುಂದೆ ಇತ್ತು. ಸಾಕಾ? ಜರುಗಿ ಈಗ."

ಅವನು ತಿರುಗಿ ನೋಡಿದ. ತಮಾಷೆ ಮಾಡುತ್ತಿದ್ದ ಕಣ್ಣುಗಳು ಮೆತ್ತಗಾಗಿದ್ದವು. "ನೀವು ಬಂದ ದಿನದಿಂದ ಕಾಯ್ತಿದ್ದೆ. ಅಂತೂ ಒಂದು 'ನೀನು' ಸಿಕ್ತು. ಅದನ್ನೂ ವಾಪಸ್ ತಗೊಂಡ್ರೆ ಹೇಗೆ?"

ಅವಳು ಕೀಬೋರ್ಡ್ ಎಳೆದುಕೊಂಡು 'ಮರೆತೆಯಾ' ಇದ್ದಲ್ಲಿ 'ಮರೆತಿರಾ' ಎಂದು ಬರೆದಳು, 'ನೋಡು' ಇದ್ದಲ್ಲಿ 'ನೋಡಿ'. ಅವನ ಮುಖ ಬಾಡುವುದು ಓರೆಗಣ್ಣಿಗೆ ಕಂಡಿತು.

"ಇದು ಊರಿಗೆ," ಎಂದಳು. ಆಮೇಲೆ, ಜೀವಮಾನದಲ್ಲಿ ಮೊದಲ ಸಲ ಅಳೆಯದೆ ತೂಗದೆ, "ನೀನು ಬ್ರಾಕೆಟ್ ಮುಚ್ಚು. ಮನೆಗೆ ಹೊರಡೋಣ."

ಅವನು ಮುಚ್ಚಿದ. ಹಳೆಯ ಕಂಪ್ಯೂಟರ್ ಈ ಸಲ ಸದ್ದು ಮಾಡಲಿಲ್ಲ.

ಮನೆಯ ಬಾಗಿಲು ತೆಗೆದ ಅಕ್ಕ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಏನೇ, ಒಬ್ಬಳೇ ನಗ್ತಾ ಬಂದೆ?"

"ಒಂದು ಸಣ್ಣ ತಪ್ಪಿತ್ತಕ್ಕ. ತಿದ್ದಿ ಬಂದೆ."

ನಾಳೆಯಿಂದ ಆ ಸಾಲನ್ನು ಯಾರು ಬೇಕಾದರೂ ಓದಲಿ. ಅದು ಮೊದಲು ಹೇಗಿತ್ತೆಂದು ಮಾತ್ರ ಯಾರಿಗೂ ಹೇಳುವುದಿಲ್ಲ, ಅಕ್ಕನಿಗೂ ಕೂಡ, ಎಂದುಕೊಂಡು ಅವಳು ಚಪ್ಪಲಿ ಬಿಟ್ಟು ಒಳಗೆ ಹೋದಳು.