ಎದೆನೋವಿನ ಗುಟ್ಟು

"ಅದು ನನ್ನ ಸೈಕಲ್ಲು," ಅಂದರು ಮೇಷ್ಟ್ರು.

ಆಸ್ಪತ್ರೆಯ ವ್ಯಾಯಾಮದ ಕೋಣೆ. ಕಿಟಕಿ ಪಕ್ಕದ ಸೈಕಲ್ ಮೇಲೆ ಆಗಷ್ಟೇ ಕೂತಿದ್ದ ಟೈಲರಮ್ಮ ಅತ್ತಿತ್ತ ಬಗ್ಗಿ ನೋಡಿದರು. "ಹೆಸರೇನೂ ಬರೆದಿಲ್ವಲ್ಲ? ಕ್ಯಾರಿಯರ್ ಇದ್ದಿದ್ರೆ ಹಿಂದೆ ಕೂರಿಸ್ಕೊಂಡು ಹೋಗ್ತಿದ್ದೆ."

ಹೆಂಡತಿ ಹೋದ ಮೇಲೆ ಮೇಷ್ಟ್ರು ನಕ್ಕಿದ್ದು ಅದೇ ಮೊದಲು. ಅವರಿಗೆ ಎಂಬತ್ತಾರು, ಆಕೆಗೆ ಎಂಬತ್ತಮೂರು. ಇಬ್ಬರ ಹೃದಯವೂ ಒಮ್ಮೆ ಕೈಕೊಟ್ಟಿತ್ತು.

"ಮಾತಾಡ್ತಾ ತುಳೀರಿ, ಅಜ್ಜ. ಮಾತಿಗೆ ಉಸಿರು ಸಾಲದಿದ್ರೆ ನಿಲ್ಲಿಸಿ," ಎನ್ನುತ್ತಿದ್ದಳು ಫಿಸಿಯೋ ಹುಡುಗಿ. ಹೇಳಿಸಿಕೊಳ್ಳಬೇಕೇ? ಅಕ್ಕಪಕ್ಕದ ಸೈಕಲ್ಲುಗಳಲ್ಲಿ ಮಾತು ಮುಗಿಯುತ್ತಲೇ ಇರಲಿಲ್ಲ. ಮೇಷ್ಟ್ರು ಇಸ್ತ್ರಿ ಅಂಗಿ ಹಾಕಿಕೊಂಡು ಬರತೊಡಗಿದರು. ಟೈಲರಮ್ಮ ಕಾಲರ್ ಕಡೆ ಓರೆನೋಟ ಬೀರಿ, "ಹೊಲಿಗೆ ಸುಮಾರು. ಹಾಕ್ಕೊಂಡವರು ಪರವಾಗಿಲ್ಲ," ಅಂದರೆ ಅವರ ಕಿವಿ ಕೆಂಪಾಗುತ್ತಿತ್ತು.

ಒಂದು ದಿನ ಟೈಲರಮ್ಮನ ಮಾತಿಗೆಲ್ಲ ಮೇಷ್ಟ್ರು ಬರೀ ತಲೆಯಾಡಿಸಿದರು. ಕೈ ಎದೆಯ ಮೇಲಿತ್ತು.

"ನೋವಾ?" ಹೊರಗಿನ ಬೆಂಚಿನಲ್ಲಿ ಕೇಳಿದರು ಟೈಲರಮ್ಮ.

"ಸುಮ್ನಿರಿ. ಗೊತ್ತಾದ್ರೆ ಇಲ್ಲಿಗೆ ಬರೋದು ಬಿಡಿಸ್ತಾರೆ."

"ಬಿಡಿಸಿದ್ರೇನಂತೆ?"

"ನಿಮ್ಮನ್ನ ಎಲ್ಲಿ ನೋಡ್ಲಿ?"

ಆ ಮಾತು ಟೈಲರಮ್ಮನನ್ನು ಮನೆಯವರೆಗೂ ಬೆಚ್ಚಗಿಟ್ಟಿತು. ರಾತ್ರಿಯಿಡೀ ಅಳಿಸಿತು. ಬೆಳಿಗ್ಗೆ ಹೋಗಿ ಫಿಸಿಯೋಗೆ ಎಲ್ಲ ಹೇಳಿಬಿಟ್ಟರು.

ಗಾಲಿಕುರ್ಚಿಯಲ್ಲಿ ಕರೆದೊಯ್ಯುವಾಗ ಮೇಷ್ಟ್ರು ಈ ಕಡೆ ತಿರುಗಿಯೂ ನೋಡಲಿಲ್ಲ.

ಈ ವಯಸ್ಸಿಗೆ ಆಪರೇಷನ್ ಬೇಡ, ನೋವಿಲ್ಲದಂತೆ ನೋಡಿಕೊಳ್ಳೋಣ ಎಂದರು ಡಾಕ್ಟರು. ಟೈಲರಮ್ಮ ವಾರ್ಡಿಗೆ ಹೋದಾಗ ಮೇಷ್ಟ್ರು ಗೋಡೆ ಕಡೆ ಮುಖ ಮಾಡಿದ್ದರು.

"ಚಾಡಿ ಹೇಳಿದ್ರಿ."

"ಹೌದು, ಹೇಳಿದೆ. ನಮ್ಮನೆಯವರೂ ಹೀಗೇ ನೋವು ನುಂಗ್ಕೊಂಡು ಕೂತಿದ್ರು. ಅಡುಗೆಮನೆಯಿಂದ ಬರೋಷ್ಟರಲ್ಲಿ ಇರಲಿಲ್ಲ. ಬೇಕಾದವರನ್ನ ಇನ್ನೊಂದು ಸಲ ಹಾಗೆ ಕಳ್ಕೊಳ್ಳೋಕೆ ನನ್ನ ಕೈಲಾಗಲ್ಲ."

"ಯಾರು ಬೇಕಾದವರು?"

"ಕಿವಿ ಚೆನ್ನಾಗೇ ಕೇಳಿಸುತ್ತಲ್ಲ ನಿಮಗೆ!"

ಮೇಷ್ಟ್ರು ನಿಧಾನವಾಗಿ ಈ ಕಡೆ ಹೊರಳಿ ಕೈ ಚಾಚಿದರು. ಅಂದಿನಿಂದ ದಿನಾ ಮಧ್ಯಾಹ್ನ ಟೈಲರಮ್ಮ ಆ ಕೈ ಹಿಡಿದು ಕೂರುತ್ತಿದ್ದರು. ಕಣ್ಣು ತುಂಬಿದರೂ ತಮಾಷೆ ಬಿಡಲಿಲ್ಲ.

ಕೊನೆಗೊಂದು ದಿನ ಹೊಸ ನರ್ಸ್ ಬಾಗಿಲಲ್ಲೇ ತಡೆದಳು. "ಮನೆಯವರಿಗೆ ಮಾತ್ರ, ಅಜ್ಜಿ. ನೀವು ಇವರಿಗೆ ಏನಾಗಬೇಕು?"

ಮಂಚದ ಪಕ್ಕ ಕೂತಿದ್ದ ಸೊಸೆ ಮಾವನ ಮುಖ ನೋಡಿದಳು.

"ನನ್ನವರು," ಅಂದರು ಮೇಷ್ಟ್ರು. ಅಷ್ಟಕ್ಕೇ ಉಸಿರು ಮೇಲೆ ಕೆಳಗಾಯಿತು.

ಸೊಸೆ ತನ್ನ ಕುರ್ಚಿ ಬಿಟ್ಟುಕೊಟ್ಟಳು. ಸಂಜೆ ಮೇಷ್ಟ್ರು ಹೋದಾಗ, ಟೈಲರಮ್ಮ ಪಕ್ಕದಲ್ಲೇ ಇದ್ದರು.